ಹವಾಲ್ದಾರರ ಸೊನ್ನೆ ಸಂಬಳವೂ ಎರಡು ಶಾಲುಗಳೂ

ಶ್ರೇಯಾ, ನಿನಗೆ ನೌಕರಿಯ ಆರ್ಡರ್ ಬಂದ ದಿನ ನಿನ್ನ ಅಮ್ಮ ಇಡೀ ಬಿಲ್ಡಿಂಗಿಗೆ ಪೇಢೆ ಹಂಚಿದಳು. ಪೇಢೆ ಬಾಯಲ್ಲಿಟ್ಟುಕೊಂಡೇ ನೀನು ನನ್ನನ್ನು ಕೇಳಿದೆ, "ಅಜ್ಜಿ, ನೀನೂ ಅಕೌಂಟ್ಸ್ ಆಫೀಸ್‌ದಲ್ಲೇ ಇದ್ದೆ ನಾ? ಅಲ್ಲಿ ಆಕ್ಚುಲಿ ಏನು ಮಾಡ್ತಿದ್ದೆ?" ಮೂವತ್ತು ವರ್ಷಕ್ಕೂ ಮೇಲೆ ಮಾಡಿದ ಕೆಲಸ. ಆದರೂ ನನ್ನ ಬಾಯಿಂದ ಬಂದದ್ದು "ದಪ್ಪ ದಪ್ಪ ಫೈಲು ಎತ್ತಿಡ್ತಿದ್ದೆ" ಎಂಬುದಷ್ಟೇ. ನಿನ್ನ ತಮ್ಮ ಓಂಕಾರ ನಕ್ಕುಬಿಟ್ಟ. ಎದುರಿಗೆ ಯಾರಾದರೂ ನಿಂತು ಪ್ರಶ್ನೆ ಕೇಳಿದರೆ ನನ್ನ ಬಾಯಿ ಕಟ್ಟಿಕೊಳ್ಳುತ್ತದೆ. ಊರ ಶಾಲೆಯಲ್ಲಿ ಮಾಸ್ತರು ಹೆಸರು ಕೂಗಿದರೂ ಹೀಗೇ ಆಗುತ್ತಿತ್ತು. ಬರೆಯಲು ಕೂತರೆ ಅಷ್ಟು ಭಯವಿಲ್ಲ. ಆದ್ದರಿಂದ ಇದನ್ನು ಬರೆದು ಕೊಡುತ್ತಿದ್ದೇನೆ. ಓದುವುದು ತಡವಾದರೆ ಆಗಲಿ, ಓಂಕಾರನಿಗೂ ಓದಿ ಹೇಳು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಏರಿದ್ದು ಎರಡೇ ಮೆಟ್ಟಿಲು, ಎರಡನ್ನೂ ಹೆದರಿಕೊಂಡೇ ಏರಿದೆ.

ನಮ್ಮದು ಸೈನಿಕರಿಗೆ ಸಂಬಳ ಮಾಡುವ ಪೇ ಆಫೀಸು. ನಿಮ್ಮ ಅಜ್ಜ ಸೈನ್ಯದಲ್ಲಿದ್ದರು. ಯುದ್ಧದಲ್ಲಿ ಅಲ್ಲ, ಘಾಟಿನಲ್ಲಿ ಜೀಪು ಮಗುಚಿ ತೀರಿಕೊಂಡರು. ನಿಮ್ಮ ಅಮ್ಮನಿಗೆ ಆಗ ಎರಡು ವರ್ಷ. ಗಂಡ ಹೋದ ಮೇಲೆ ಹೆಂಡತಿಗೆ ಕರುಣೆಯ ಮೇಲೆ ಕೊಡುವ ನೌಕರಿ ನನಗೆ ಸಿಕ್ಕಿತು. ಮೊದಲ ದಿನ ಗುಮಾಸ್ತರೊಬ್ಬರು ನನ್ನ ಎರಡು ಕಾಗದ ಹಿಡಿದು, "ಇಲ್ಲಿ ಬಸಲಿಂಗವ್ವ ಯಾರು?" ಎಂದರು. ಕೈ ಎತ್ತಿದೆ. "ಸುಮಿತ್ರಾ ಯಾರು?" ಎಂದರು. ಮತ್ತೆ ಕೈ ಎತ್ತಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನಮ್ಮ ಕಡೆ ಲಗ್ನದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರಲ್ಲಿ ಗಂಡನು ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅವತ್ತಿನಿಂದ ಗಂಡನ ಮನೆಯಲ್ಲಿ ಅದೇ ಹೆಸರು. ಶಾಲೆಯ ಸರ್ಟಿಫಿಕೇಟಿನಲ್ಲಿ ನಾನು ಬಸಲಿಂಗವ್ವ, ನಿಮ್ಮ ಅಜ್ಜನ ಕಾಗದಗಳಲ್ಲಿ ಸುಮಿತ್ರಾ. ಕೊನೆಗೆ ನಮ್ಮೂರ ಪಂಚಾಯತಿ ಚೇರ್ಮನ್ನರು, "ಇವರಿಬ್ಬರೂ ಒಬ್ಬಳೇ, ನಾನು ಬಲ್ಲೆ" ಎಂದು ಬರೆದು ಸಿಕ್ಕೆ ಒತ್ತಿ ಕಳಿಸಿದ ಮೇಲೆ ನನ್ನನ್ನು ಒಳಗೆ ಬಿಟ್ಟರು. ಈ ಮಾತು ನೆನಪಿನಲ್ಲಿಟ್ಟುಕೋ. ಒಂದು ದಿನ ಇದನ್ನು ನೆನಪಿಟ್ಟುಕೊಳ್ಳಬೇಕಾದವಳು ನಾನೇ ಮರೆತೆ.

ಆಫೀಸಿನಲ್ಲಿ ಮೊದಲು ಕಲಿತದ್ದು ಪಾರ್ಟ್ ಟು ಆರ್ಡರ್ ಎಂಬ ಹಾಳೆಯ ಮಹಿಮೆ. ಜವಾನನ, ಅಂದರೆ ಸೈನಿಕನ, ಬದುಕಿನಲ್ಲಿ ಏನೇ ಆದರೂ, ಮದುವೆಯಾಗಲಿ, ಮಗುವಾಗಲಿ, ಬೆಟ್ಟ ಹತ್ತಲಿ, ಇಳಿಯಲಿ, ಅವನ ಪಲ್ಟನ್ನಿನವರು ಅದನ್ನು ಆ ಹಾಳೆಯಲ್ಲಿ ಛಾಪಿಸಿ ನಮಗೆ ಕಳಿಸಬೇಕು. ಹಾಳೆ ಬರುವ ತನಕ ನಮ್ಮ ಮಟ್ಟಿಗೆ ಅದು ನಡೆದೇ ಇಲ್ಲ. ಒಬ್ಬ ಸಿಪಾಯಿ ಕಾಗದ ಬರೆದಿದ್ದ: "ಮಾನ್ಯರೇ, ನನ್ನ ಮಗ ಈಗ ಓಡಾಡುತ್ತಾನೆ, ಅಜ್ಜನಿಗೆ ಬೈಯುವುದನ್ನೂ ಕಲಿತಿದ್ದಾನೆ. ನಿಮ್ಮ ಆಫೀಸಿನಲ್ಲಿ ಅವನು ಯಾವಾಗ ಹುಟ್ಟುವನೆಂದು ದಯವಿಟ್ಟು ತಿಳಿಸಿ." ಸುಬೇದಾರರೊಬ್ಬರು ಹಿಮದ ಬೆಟ್ಟದಿಂದ ಇಳಿದ ಹಾಳೆ ನಮಗೆ ತಲುಪಲಿಲ್ಲ. ಅವರು ಎಂಟು ತಿಂಗಳು ಬಯಲುಸೀಮೆಯ ಬಿಸಿಲಿನಲ್ಲಿ ಬೆವರುತ್ತಿದ್ದರು, ನಮ್ಮ ಲೆಕ್ಕದಲ್ಲಿ ಹಿಮದ ಮೇಲೇ ಇದ್ದರು, ಹಿಮದ ಭತ್ಯೆಯೂ ಸಿಗುತ್ತಿತ್ತು. ಹಾಳೆ ಬಂದ ತಿಂಗಳು ಎಂಟೂ ತಿಂಗಳ ಹಿಮವನ್ನು ಒಟ್ಟಿಗೆ ವಾಪಸ್ ಹಿಡಿದೆವು. ಸುಬೇದಾರರ ಕೈಗೆ ಬಂದದ್ದು ಸೊನ್ನೆ.

ಸೊನ್ನೆ ಸಂಬಳದ ಚೀಟಿ ಹೊರಗಿನವರಿಗೆ ನಂಬಿಕೆಯೇ ಬಾರದ ವಸ್ತು. ನನ್ನ ಕಥೆಯೂ ಅಂಥ ಒಂದು ಚೀಟಿಯದೇ.

ಆಫೀಸಿಗೆ ಕಂಪ್ಯೂಟರು ಬಂದ ಕಾಲ. ಹಳೆಯ ಲೆಡ್ಜರುಗಳಲ್ಲಿದ್ದ ಸಂಸಾರಗಳನ್ನೆಲ್ಲ ಅದರೊಳಗೆ ತುಂಬಬೇಕಿತ್ತು. ನಮ್ಮ ಮೇಲಧಿಕಾರಿ ಕಾಮತ್ ಸಾಹೇಬರು, ಮಂಗಳೂರು ಕಡೆಯವರು, ಬ್ರಹ್ಮಚಾರಿ, ಬೆಳಿಗ್ಗೆ ಬರುವಾಗಲೇ ಗಡಿಯಾರ ನೋಡುತ್ತ ಬರುತ್ತಿದ್ದರು. "ಸುಮಿತ್ರಾಬಾಯಿ, ದಿನಕ್ಕೆ ನೂರು ಹೆಸರು ಆಗ್ಬೇಕು. ಎಂತ ಉಂಟೋ ಅದನ್ನು ಹಾಕಿ, ಯೋಚನೆ ಎಲ್ಲ ಮಾಡ್ಲಿಕ್ಕೆ ಹೋಗ್ಬೇಡಿ" ಎಂದರು. ನಾನು ಯೋಚನೆ ಮಾಡಲಿಲ್ಲ. ಹವಾಲ್ದಾರ್ ಸಂಗಪ್ಪ ಎಂಬವರ ಮದುವೆಯ ಹಾಳೆಯಲ್ಲಿ ಹೆಂಡತಿ ರೇಣುಕಾ ಎಂದಿತ್ತು, ತುಂಬಿದೆ. ಆಮೇಲೆ ಬಂದ ಬ್ಯಾಂಕಿನ ಫಾರಮಿನಲ್ಲಿ ಹೆಂಡತಿ ಮಲ್ಲವ್ವ ಎಂದಿತ್ತು, ಅದನ್ನೂ ತುಂಬಿದೆ. ಕಂಪ್ಯೂಟರಿಗೆ ನಾಚಿಕೆಯೂ ಇಲ್ಲ, ಸಂಶಯವೂ ಇಲ್ಲ. ಒಂದನೇ ಹೆಂಡತಿ, ಎರಡನೇ ಹೆಂಡತಿ ಎಂದು ಸಾಲಾಗಿ ನಿಲ್ಲಿಸಿತು.

ಹೆಂಡತಿ ಇರುವಾಗ ಇನ್ನೊಂದು ಮದುವೆ ಸೈನ್ಯದಲ್ಲಿ ದೊಡ್ಡ ಅಪರಾಧ. ಸಂಸಾರದ ಹೆಸರಿನಲ್ಲಿ ಸಂಗಪ್ಪನವರಿಗೆ ಕೊಟ್ಟ ಭತ್ಯೆಗಳನ್ನೆಲ್ಲ ಕಂಪ್ಯೂಟರು ಒಂದೇ ಏಟಿಗೆ ವಾಪಸ್ ಹಿಡಿಯಿತು. ಸಂಬಳ ಸೊನ್ನೆಯಾಯಿತು. ಪಲ್ಟನ್ನಿಗೂ ಒಂದು ಕಾಗದ ಹೋಯಿತು, ವಿಚಾರಣೆಗೆ ದಿನ ಗೊತ್ತಾಯಿತು. ತಪ್ಪು ಸಾಬೀತಾದರೆ ಅವರ ತೋಳಿನ ಮೇಲಿನ ಹುದ್ದೆಯ ಪಟ್ಟಿ ಹೋಗುತ್ತದೆ, ನೌಕರಿಯೂ ಹೋಗಬಹುದು. ಇಷ್ಟೆಲ್ಲ ಆಗುತ್ತಿರುವಾಗ ನಾನು ಏನೂ ಅರಿಯದೆ ಡಬ್ಬಿ ಬಿಚ್ಚಿ ಚಪಾತಿ ತಿನ್ನುತ್ತಿದ್ದೆ.

ಎರಡನೇ ಸೊನ್ನೆಯ ತಿಂಗಳು ಸಂಗಪ್ಪನವರ ಹೆಂಡತಿ ರೇಣುಕಾ ಆಫೀಸಿಗೆ ಬಂದಳು. ಪರೇಲಿನ ಚಾಳಿನಲ್ಲಿ ಒಂದೇ ಖೋಲಿ, ಎರಡು ಮಕ್ಕಳು, ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದುಕೊಡುತ್ತಿದ್ದಳು. ರೊಟ್ಟಿ ಬಡಿದ ಕೈಯಿಂದಲೇ ನನ್ನ ಮೇಜು ಬಡಿದಳು.

"ಅಕ್ಕಾರ, ನನ್ನ ಗಂಡಗ ಇನ್ನೊಬ್ಬಾಕಿ ಅದಾಳಂತ. ಪಲ್ಟನ್ನಿನಿಂದ ಫೋನ್ ಮಾಡಿ ಅತ್ತಾರ ಅವರು. ಯಾವಾಕಿ ಅಕಿ? ಅಡ್ರೆಸ್ ಕೊಡ್ರಿ. ನಾನ ಹೋಗಿ ಮಾತಾಡಸ್ತೀನಿ."

ಮಾತಾಡಿಸುವುದೆಂದರೆ ಎಂಥದೆಂದು ಅವಳ ತೋಳು ನೋಡಿದರೆ ತಿಳಿಯುತ್ತಿತ್ತು. ನಾನು ಎರಡನೇ ಹೆಂಡತಿಯ ವಿಳಾಸ ತೆಗೆದೆ. ಪರೇಲ್. ಅದೇ ಚಾಳು. ಅದೇ ಖೋಲಿಯ ನಂಬರು. ಅವಳು ಬಗ್ಗಿ ನೋಡಿದಳು.

"ನನ್ನ ಖೋಲ್ಯಾಗ? ಹತ್ತು ಫೂಟಿನ ಖೋಲಿ ಅಕ್ಕಾರ! ಅಕಿ ಎಲ್ಲಿ ಮಲಗ್ತಾಳು?"

"ಹೆಸರು ಮಲ್ಲವ್ವ ಅಂತ ಐತಿ," ಎಂದೆ.

ಅವಳು ಮೇಜಿನಿಂದ ಕೈ ತೆಗೆದಳು. ಆಮೇಲೆ ಸಣ್ಣ ದನಿಯಲ್ಲಿ, "ಮಲ್ಲವ್ವ ನಾನ ಅಲ್ಲೇನರಿ. ತವರಮನಿ ಹೆಸರು. ಬ್ಯಾಂಕಿನ್ಯಾಗ ಸಾಲಿ ಸರ್ಟಿಫಿಕೇಟ್ ಕೇಳಿದ್ರು, ಅದನ್ನ ಕೊಟ್ಟಿದ್ದೆ" ಎಂದಳು.

ನನ್ನ ಕಿವಿ ಬಿಸಿಯಾಯಿತು. ಸುಮಿತ್ರಾ ಎಂದು ಸಹಿ ಮಾಡುವ ಬಸಲಿಂಗವ್ವ ನಾನು, ಒಬ್ಬಳನ್ನೇ ಒಡೆದು ಇಬ್ಬರನ್ನಾಗಿ ಮಾಡಿ ಅವಳ ಗಂಡನ ಅನ್ನಕ್ಕೆ ಕುತ್ತು ತಂದಿದ್ದೆ. ಆದರೆ ಅದನ್ನು ತುಂಬಿದವಳು ನಾನೇ ಎಂದು ಅವಳಿಗೂ ಹೇಳಲಿಲ್ಲ, ಸಾಹೇಬರಿಗೂ ಹೇಳಲಿಲ್ಲ. ಹೆದರಿಕೆ. ನನಗೂ ಇದ್ದದ್ದು ಅದೊಂದೇ ನೌಕರಿ.

ಕಾಮತ್ ಸಾಹೇಬರ ಮುಂದೆ ಅಷ್ಟು ಮಾತ್ರ ಹೇಳಿದೆ, ಇಬ್ಬರೂ ಒಬ್ಬಳೇ ಎಂದು. ಅವರು ತಲೆ ಹಿಡಿದುಕೊಂಡರು. "ಎಂತ ಅವಸ್ಥೆ ಮಾರಾಯ್ರೆ! ಮದುವೆ ಆದ್ರೆ ಹೆಂಡತಿ ಬರ್ತಾಳೆ ಅಂತ ಗೊತ್ತುಂಟು. ಹೆಸರೂ ಬೇರೆ ಬರ್ತದಾ? ಆದ್ರೆ ಈಗ ನೀವು ಹೇಳಿದ್ರೆ, ನಾನು ಹೇಳಿದ್ರೆ ಎಲ್ಲ ಆಗುದಿಲ್ಲ. ಕಂಪ್ಯೂಟರ್ ಕಾಗದ ಕಳಿಸಿ ಆಯ್ತು. ಅದನ್ನು ತಿದ್ಲಿಕ್ಕೆ ಕಾಗದವೇ ಬೇಕು. ಚುನಾಯಿತ ಪ್ರತಿನಿಧಿ ಯಾರಾದ್ರೂ 'ಒಬ್ಬಳೇ' ಅಂತ ಬರೆದುಕೊಡ್ಲಿ."

ಆ ಭಾಗದ ಶಾಸಕರು ಒಳ್ಳೆಯವರು. ಇಲ್ಲಿಯವರ ಬಾಯಲ್ಲಿ ಆಮದಾರ ಸಾಹೇಬರು. ತಲೆಯಲ್ಲಿ ಒಂದು ಕೂದಲಿರಲಿಲ್ಲ, ಎದೆಯಲ್ಲಿ ದೇಶಭಕ್ತಿ ತುಂಬಿತ್ತು. ನಮ್ಮ ಕಡೆಯ ಮತದಾರರು ತುಂಬ ಇದ್ದುದರಿಂದ ಎಲ್ಲ ಭಾಷಣವನ್ನೂ "ನಮಸ್ಕಾರಾ, ಊಟಾ ಆಯ್ತಾ" ಎಂದೇ ಶುರು ಮಾಡುತ್ತಿದ್ದರು, ಬೆಳಿಗ್ಗೆ ಎಂಟಕ್ಕೂ. ಅವರ ಕಚೇರಿಗೆ ರೇಣುಕಾ ಹೋಗಿ, ನಮ್ಮ ಕಾಗದ ತೋರಿಸಿ, ಅಳುತ್ತ ಎಲ್ಲ ಹೇಳಿದಳು. ಅವಳ ಕನ್ನಡ ಅಲ್ಲಿಯ ಪಿ.ಎ.ಗೆ ಅರ್ಥವಾಗಲಿಲ್ಲ, ಕಣ್ಣೀರು ಅರ್ಥವಾಯಿತು. ಕೂಡಲೇ ಲೆಟರ್‌ಹೆಡ್ಡಿನ ಮೇಲೆ ಸರ್ಟಿಫಿಕೇಟು ಟೈಪು ಮಾಡಿ ಕೊಟ್ಟರು. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಕಾಮತ್ ಸಾಹೇಬರು ಗಟ್ಟಿಯಾಗಿ ಓದಿದರು:

"ಹವಾಲ್ದಾರ್ ಸಂಗಪ್ಪನವರ ಪತ್ನಿಯರಾದ ಶ್ರೀಮತಿ ರೇಣುಕಾ ಮತ್ತು ಶ್ರೀಮತಿ ಮಲ್ಲವ್ವ, ಇವರಿಬ್ಬರನ್ನೂ ನಾನು ಅನೇಕ ವರ್ಷಗಳಿಂದ ಸ್ವತಃ ಬಲ್ಲೆ. ಇಬ್ಬರೂ ಸದ್ಗುಣವಂತರು."

ಓದಿ ಮುಗಿಸಿ ಕಾಮತ್ ಸಾಹೇಬರು ಒಂದು ಲೋಟ ನೀರು ಕುಡಿದರು. ಇಷ್ಟು ಹೊತ್ತು ಸಂಗಪ್ಪನವರಿಗೆ ಇಬ್ಬರು ಹೆಂಡಿರು ಎಂದು ಕಂಪ್ಯೂಟರೊಂದೇ ಹೇಳುತ್ತಿತ್ತು. ಈಗ ಶಾಸಕರೂ ಹೇಳಿದಂತಾಯಿತು.

"ನಾವೇ ಹೋಗುವ," ಎಂದರು. "ಸಂಬಳದ ವಿಷಯ ನಾನು ಹೇಳ್ತೇನೆ. ಹೆಸರಿನ ವಿಷಯ ನೀವು ಹೇಳಿ. ನಿಮ್ಮ ಕಡೆಯ ಪದ್ಧತಿ, ನನಗೆಂತ ಗೊತ್ತು?" ಬಾಂದ್ರಾದಲ್ಲಿದ್ದ ಆಮದಾರರ ಕಚೇರಿಗೆ ಲೋಕಲ್ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ, ಹೇಳಬೇಕಾದ ಮೂರು ವಾಕ್ಯಗಳನ್ನು ತುಟಿಯಲ್ಲೇ ಉರು ಹೊಡೆದೆ. ಎದುರಿನ ಹೆಂಗಸು ನಾನು ಜಪ ಮಾಡುತ್ತಿದ್ದೇನೆಂದು ಕಾಲು ಹಿಂದಕ್ಕೆಳೆದು ಜಾಗ ಬಿಟ್ಟಳು.

ಆಮದಾರರು ಹಿಂದಿ ಮರಾಠಿ ಬೆರೆಸಿ ಮಾತಾಡಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ. ನಾವು ಒಯ್ದಿದ್ದ ಸಂಗಪ್ಪನವರ ಸಂಬಳದ ಚೀಟಿಯನ್ನು ಅವರು ಕೈಯಲ್ಲಿ ಹಿಡಿದಿದ್ದರು.

"ಕಾಮತ್‌ಜೀ, ಸೈನಿಕರಿಗೆ ಎಲ್ಲ ಫುಕಟ್ ಅಲ್ಲವೇ? ಊಟ, ಬಟ್ಟೆ, ಕ್ಯಾಂಟೀನು?"

"ಊಟ ಜವಾನನ ಹೊಟ್ಟೆಗೆ ಸರ್. ಪರೇಲಿನಲ್ಲಿರುವ ಹೆಂಡತಿ ಮಕ್ಕಳ ಹೊಟ್ಟೆಗೆ ಸಂಬಳವೇ. ಕ್ಯಾಂಟೀನಿನಲ್ಲೂ ದುಡ್ಡು ಕೊಡ್ಬೇಕು, ಸ್ವಲ್ಪ ಕಡಿಮೆ ಅಷ್ಟೆ."

"ಹಾಗೋ!" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಬೆರಳು ಮುಂದಿನ ಸಾಲಿಗೆ ಹೋಯಿತು. "ಇದೇನಿದು, ಮಿಲಿಟರಿ ಸರ್ವಿಸ್ ಪೇ? ಮಿಲಿಟರಿಯವನಿಗೆ ಮಿಲಿಟರಿ ಸರ್ವಿಸ್ಸಿಗೆ ಬೇರೆ ಪೇ ಯಾಕೆ? ಹಾಗಾದರೆ ಬೇಸಿಕ್ ಪೇ ಯಾವ ಸರ್ವಿಸ್ಸಿಗೆ?"

"ಬೇಸಿಕ್ ಕೆಲಸಕ್ಕೆ ಸರ್. ಇದು ಸಂಸಾರ ಬಿಟ್ಟು ಎಲ್ಲೆಲ್ಲೋ ಇರುವ ಕಷ್ಟಕ್ಕೆ."

"ನಾನೂ ಅಧಿವೇಶನಕ್ಕೆ ಹೆಂಡತಿಯನ್ನು ಬಿಟ್ಟು ನಾಗಪುರಕ್ಕೆ ಹೋಗುತ್ತೇನೆ."

"ಅಲ್ಲಿ ಗುಂಡು ಹಾರುದಿಲ್ಲ ಸರ್."

"ಕೆಲವು ದಿನ ಕುರ್ಚಿ ಹಾರುತ್ತದೆ," ಎಂದು ಆಮದಾರರು ನಿಟ್ಟುಸಿರಿಟ್ಟರು. ಮುಂದಿನ ಸಾಲು ಕೂದಲು ಕತ್ತರಿಸುವ ಭತ್ಯೆ. ಅದನ್ನು ಎರಡು ಸಲ ಓದಿಕೊಂಡರು. "ಇದು ಕೂದಲಿದ್ದವರಿಗೆ ಮಾತ್ರವೋ?"

"ಎಲ್ಲರಿಗೂ ಸರ್. ತಲೆ ನೋಡಿ ಕೊಡುವ ಪದ್ಧತಿ ಇಲ್ಲ."

ಆಮದಾರರು ತಮ್ಮ ತಲೆ ಸವರಿಕೊಂಡರು. ಆಮೇಲೆ ಚೀಟಿಯ ಕೊನೆಯ ಸಾಲು ಕಂಡಿತು. ಕೈಗೆ ಬಂದದ್ದು: ಸೊನ್ನೆ. ಅವರ ಮುಖ ಬದಲಾಯಿತು. "ಸೊನ್ನೆ? ದೇಶ ಕಾಯುವವನಿಗೆ ಸೊನ್ನೆ? ನಾನು ಇದನ್ನು ಸದನದಲ್ಲಿ ಎತ್ತುತ್ತೇನೆ!"

"ಸೈನ್ಯದ ಸಂಬಳ ರಾಜ್ಯದ ವಿಷಯ ಅಲ್ಲ ಸರ್. ದಿಲ್ಲಿಯದ್ದು."

"ವಿಷಯ ಯಾರದ್ದಾದರೇನು, ಮಾತು ನನ್ನದು." ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ನಾಟಕವಲ್ಲ, ನಾನು ಹತ್ತಿರದಿಂದ ನೋಡಿದೆ. ಕಾಮತ್ ಸಾಹೇಬರು ಅದೇ ಸಮಯವೆಂದು, "ಸರ್, ಆ ಇಬ್ಬರು ಹೆಂಗಸರ ವಿಷಯ..." ಎಂದು ಶುರು ಮಾಡಿದರು. ಆಮದಾರರು ಕೈ ಎತ್ತಿ ತಡೆದರು. "ಯಾರ ಮನೆಯ ಒಳವಿಷಯಕ್ಕೂ ನಾನು ಹೋಗುವವನಲ್ಲ. ಒಬ್ಬಳಿರಲಿ, ಇಬ್ಬರಿರಲಿ, ಹಸಿವು ಒಂದೇ. ಭಾನುವಾರ ಕನ್ನಡ ಸಂಘದ ಸಭಾಂಗಣದಲ್ಲಿ ವೀರಪತ್ನಿಯರ ಸನ್ಮಾನವಿದೆ. ಇಬ್ಬರಿಗೂ ಶಾಲು, ಇಬ್ಬರಿಗೂ ಹೊಲಿಗೆ ಮಶೀನು!" ಪಿ.ಎ. ಚಪ್ಪಾಳೆ ತಟ್ಟಿದ.

ಕಾಮತ್ ಸಾಹೇಬರು ನನ್ನ ಕಡೆ ನೋಡಿದರು. ನನ್ನ ಮೂರು ವಾಕ್ಯಗಳ ಹೊತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು. ಆಮದಾರರು ತಾವೇ ಸಕ್ಕರೆಯ ಚಮಚ ಹಿಡಿದು ನನ್ನ ಕಡೆ ಬಾಗಿದರು. ನಾನು, "ಸಕ್ಕರೆ ಬ್ಯಾಡ್ರಿ," ಎಂದೆ. ಅವತ್ತು ಅಲ್ಲಿ ನಾನು ಆಡಿದ ಮಾತು ಅದೊಂದೇ.

ಕೆಳಗಿಳಿದು ಕಾಮತ್ ಸಾಹೇಬರು ನನಗಿಂತ ಮುಂದೆ ಮುಂದೆ ಸ್ಟೇಷನ್ನಿಗೆ ನಡೆದರು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹೇಳಿದರು, "ಸುಮಿತ್ರಾಬಾಯಿ, ದಾರಿ ಇಡೀ ಪ್ರಾಕ್ಟೀಸ್ ಮಾಡಿದ್ದು ಸಕ್ಕರೆ ಬೇಡ ಅಂತ ಹೇಳ್ಲಿಕ್ಕಾ? ಬುಧವಾರ ಸಂಗಪ್ಪನ ವಿಚಾರಣೆ ಉಂಟು. ಅದರ ಮೊದಲು ಕಾಗದ ಹೋಗದಿದ್ರೆ ಅವನ ಕತೆ ಮುಗೀತು."

ಭಾನುವಾರ ಇಬ್ಬರೂ ಘಾಟ್ಕೋಪರಿನ ಆ ಹಾಲಿಗೆ ಹೋದೆವು. ನಾನು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ಕೂತೆ. ಹಾಲ್ ತುಂಬಿತ್ತು, ಹೆಣ್ಣುಮಕ್ಕಳೇ ಹೆಚ್ಚು. ವೇದಿಕೆಯ ಮೇಲೆ ಆಮದಾರರು, ಅವರ ಪಕ್ಕದಲ್ಲಿ ಅವರ ಹೆಂಡತಿ, ಮುಂದೆ ರಿಬ್ಬನ್ ಕಟ್ಟಿದ ಎರಡು ಹೊಲಿಗೆ ಮಶೀನು. "ಊಟಾ ಆಯ್ತಾ" ಆಯಿತು, ಸೊನ್ನೆ ಸಂಬಳದ ಭಾಷಣವೂ ಆಯಿತು. ಪಿ.ಎ. ಮೈಕು ಹಿಡಿದು, "ವೀರಪತ್ನಿ ಶ್ರೀಮತಿ ರೇಣುಕಾ!" ಎಂದು ಕೂಗಿದ.

ರೇಣುಕಾ ಇಳಕಲ್ ಸೀರೆಯುಟ್ಟು ಹೋದಳು. ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು. ಇಳಿದು ಬಂದು ಕೂತಳು.

"ವೀರಪತ್ನಿ ಶ್ರೀಮತಿ ಮಲ್ಲವ್ವ!"

ರೇಣುಕಾ ಎದ್ದಳು. ಮೈಮೇಲಿನ ಶಾಲು ಸರಿಮಾಡಿಕೊಂಡು ಮತ್ತೆ ವೇದಿಕೆ ಹತ್ತಿದಳು.

"ಬಾಯಿ, ನಿಮ್ಮದು ಆಗಿದೆ," ಎಂದ ಪಿ.ಎ. "ಈಗ ಮಲ್ಲವ್ವ ಬರಲಿ."

"ಮಲ್ಲವ್ವನೂ ನಾನ."

ಆಮದಾರರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. "ತಾಯಿ, ಸಿಟ್ಟು ಬೇಡ. ಸವತಿಗೂ ಒಂದು ಶಾಲು ಬರಲಿ. ಎಲ್ಲಿದ್ದಾಳೆ, ಕರೆಯಿರಿ." ಅದನ್ನು ಯಾರೋ ಕನ್ನಡದಲ್ಲಿ ಹೇಳಿದ್ದೇ ತಡ, ರೇಣುಕಾ ಪಿ.ಎ.ನ ಕೈಯಿಂದ ಮೈಕು ಕಿತ್ತುಕೊಂಡಳು.

"ಎಲ್ಲಿ ಸವತಿರೀ? ನನಗ ನಾನ ಸವತಿ ಆಗೀನಿ! ಆಫೀಸಿನ್ಯಾರು ಕುಂತಲ್ಲೇ ನನ್ನ ಗಂಡಗ ಎರಡನೇ ಲಗ್ನ ಮಾಡ್ಯಾರ! ಅಕ್ಷತೆಗೂ ಕರೀಲಿಲ್ಲ ನನ್ನ!" ಇಡೀ ಸಭೆ ಗೊಳ್ಳೆಂದಿತು. ಅವಳು ನಗಲಿಲ್ಲ. ಕಣ್ಣು ಸಭೆಯ ತುಂಬ ಹರಿದಾಡಿ ನನ್ನ ಕಂಬದ ಹತ್ತಿರ ನಿಂತಿತು. "ಅಕಾ ಅಲ್ಲಿ, ಖಂಬದ ಹಿಂದ ಕುಂತಾರ ನೋಡ್ರಿ ಅಕ್ಕಾರು. ಅವರಿಗೆ ಎಲ್ಲಾ ಗೊತ್ತೈತಿ. ಕೇಳ್ರಿ ಅವರನ್ನ!"

ಅಷ್ಟೂ ತಲೆಗಳು ತಿರುಗಿದವು. ಕಂಬ ಇನ್ನೊಂದಿಷ್ಟು ದಪ್ಪ ಇರಬಾರದಿತ್ತೇ ಅನ್ನಿಸಿತು. ಕಾಮತ್ ಸಾಹೇಬರು ನನ್ನ ಕಿವಿಯ ಹತ್ತಿರ, "ಹೋಗಿ ಮಾರಾಯ್ರೆ. ಇಲ್ಲಿ ಯಾರೂ ಸಕ್ಕರೆ ಕೇಳುದಿಲ್ಲ," ಎಂದರು.

ಹೇಗೆ ನಡೆದೆನೋ ಗೊತ್ತಿಲ್ಲ. ಮೈಕು ಕೈಗೆ ಬಂತು. ಲೋಕಲ್ಲಿನಲ್ಲಿ ಉರು ಹೊಡೆದ ಮೂರು ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ರೇಣುಕಾಳ ಮುಖ ನೋಡಿದೆ. ಬುಧವಾರ ಎಂಬುದೊಂದೇ ತಲೆಯಲ್ಲಿತ್ತು. ಬಾಯಿಂದ ಊರ ಮಾತೇ ಬಂತು.

"ತಪ್ಪು ನಂದರಿ. ಕಂಪ್ಯೂಟರಿನ್ಯಾಗ ಎರಡು ಹೆಸರು ಬರದಾಕಿ ನಾನ." ಕೊನೆಯ ಸಾಲಿನಲ್ಲಿ ಕಾಮತ್ ಸಾಹೇಬರ ಕೈ ಹಣೆಗೆ ಹೋದದ್ದು ಕಂಡಿತು. "ನನಗೂ ಎರಡು ಹೆಸರು. ಲಗ್ನದಾಗ ಅಕ್ಕಿಯೊಳಗ ಬರದ ಹೆಸರು ಸುಮಿತ್ರಾ, ಅವ್ವ ಅಪ್ಪ ಇಟ್ಟಿದ್ದು ಬಸಲಿಂಗವ್ವ. ಈ ಹಾಲಿನ್ಯಾಗ ಹಂಗ ಹೆಸರು ಬದಲಾದ ಹೆಣ್ಮಕ್ಕಳು ಎಷ್ಟು ಮಂದಿ ಅದೀರಿ? ಒಂದೀಟು ಎದ್ದು ನಿಂದರ್ರಿ."

ಒಂದು ಗಳಿಗೆ ಯಾರೂ ಏಳಲಿಲ್ಲ. ಆಮೇಲೆ ಎರಡನೇ ಸಾಲಿನ ಒಬ್ಬ ಮುದುಕಿ, ಮುಂದಿನ ಕುರ್ಚಿ ಹಿಡಿದು ಎದ್ದಳು. "ನಾನು ತಂಗೆವ್ವ ಇದ್ದೆ. ಕರೀಲಿಕ್ಕೆ ಈಗ ಯಾರೂ ಉಳಿದಿಲ್ಲ," ಎಂದಳು. ಅವಳ ಪಕ್ಕದವಳು ಎದ್ದಳು. ಬಳೆಗಳ ಸದ್ದಾಯಿತು. ಸಾಲು ಸಾಲಾಗಿ ಎದ್ದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡವರು, ಬಾಯಲ್ಲಿ ಎಲೆ ಅಡಿಕೆ ಇದ್ದವರು, ಪಕ್ಕದವಳಿಗೆ "ನಿಂದೇನಿತ್ತು?" ಎಂದು ಕೇಳುತ್ತ ನಿಂತವರು. ಗಂಡಸರು ಮಾತ್ರ ಕೂತಿದ್ದರು, ಪರೀಕ್ಷೆಯಲ್ಲಿ ಉತ್ತರ ಬಾರದವರ ಹಾಗೆ.

ನನ್ನ ಮಾತನ್ನು ಯಾರೋ ಮರಾಠಿಯಲ್ಲಿ ಹೇಳಿದ ಮೇಲೆ ವೇದಿಕೆಯ ಮೇಲೂ ಒಂದು ಕುರ್ಚಿ ಸರಿದ ಸದ್ದಾಯಿತು. ಆಮದಾರರ ಹೆಂಡತಿ ಎದ್ದು ನಿಂತಿದ್ದರು.

"ನೀನೂ?" ಎಂದರು ಆಮದಾರರು.

"ಅಕ್ಕಿಯಲ್ಲಿ ಬರೆದದ್ದು ನೀವೇ ಅಲ್ಲವೇ? ಉಂಗುರ ದೊಡ್ಡದಾಗಿ ಬೆರಳಿಂದ ಜಾರಿತ್ತು."

"ಮೊದಲು ಏನಿತ್ತು ನಿನ್ನ ಹೆಸರು?"

"ಅದೂ ಮರೆತಿರಾ?"

ಮೈಕು ನನ್ನ ಕೈಯಲ್ಲೇ ಇತ್ತು. ಅವರಿಬ್ಬರ ಸಂಸಾರದ ಮಾತು ಇಡೀ ಹಾಲಿಗೆ ಕೇಳಿಸಿತು. ಅದನ್ನು ಆರಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

"ಈ ಆಫೀಸಿನವರ ಲೆಕ್ಕದಲ್ಲಿ ನಿಮಗೂ ಇಬ್ಬರು ಹೆಂಡಿರು," ಎಂದು ಆಕೆ ತಣ್ಣಗೆ ಹೇಳಿದರು. "ಯಾರಾದರೂ ಒಂದು ಕಾಗದ ಹಾಕಿದರೆ ನಿಮ್ಮ ಸಂಬಳವೂ ಸೊನ್ನೆ."

ಆಮದಾರರು ಹಾಲಿನಲ್ಲಿ ನಿಂತ ಅಷ್ಟೂ ಹೆಣ್ಣುಮಕ್ಕಳನ್ನು ನೋಡಿದರು. ನಗಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಪಿ.ಎ.ನಿಂದ ಲೆಟರ್‌ಹೆಡ್ಡು ಕೇಳಿ ತೆಗೆದುಕೊಂಡು, ಹೊಲಿಗೆ ಮಶೀನಿನ ಹಲಗೆಯ ಮೇಲಿಟ್ಟು ಸ್ವಂತ ಕೈಯಿಂದ ಬರೆದರು. "ರೇಣುಕಾ ಮತ್ತು ಮಲ್ಲವ್ವ ಒಬ್ಬಳೇ. ಹಿಂದೆ ನಾನು ಕೊಟ್ಟ ಪತ್ರ ತಪ್ಪು. ನಾನು ಕೇಳದೆ ಸಹಿ ಮಾಡಿದ್ದೆ." ಶ್ರೇಯಾ, ದೊಡ್ಡವರು ಬರೆದ ಕಾಗದ ನನ್ನ ಸರ್ವಿಸಿನಲ್ಲಿ ಎಷ್ಟೋ ನೋಡಿದ್ದೇನೆ. ತಪ್ಪು ಎಂಬ ಶಬ್ದ ಕಂಡದ್ದು ಅದೊಂದರಲ್ಲಿ.

ಪಿ.ಎ. ಎರಡನೇ ಮಶೀನಿನ ರಿಬ್ಬನ್ ಬಿಚ್ಚಿ ಒಳಗೆ ಒಯ್ಯಲು ಹೋದ. ರೇಣುಕಾ ಅಡ್ಡ ನಿಂತಳು.

"ಎಲ್ಲಿಗೆ ಒಯ್ಯಾಕತ್ತೀರಿ? ಎರಡು ಅಂತ ಕೂಗೀರಿ, ಎರಡೂ ಕೊಡ್ರಿ. ನಮ್ಮ ಚಾಳಿನ್ಯಾಗ ಇನ್ನೊಬ್ಬಾಕಿ ಜವಾನನ ಹೆಂಡತಿ ಅದಾಳ. ಅಕಿ ಖರೇನ ಇನ್ನೊಬ್ಬಾಕಿರಿ, ಬೇಕಾದ್ರ ಬಂದು ನೋಡ್ರಿ!"

ಸೋಮವಾರ ಬೆಳಿಗ್ಗೆಯೇ ಕಾಮತ್ ಸಾಹೇಬರು ಆ ಕಾಗದವನ್ನು ಪಲ್ಟನ್ನಿಗೆ ಫ್ಯಾಕ್ಸ್ ಮಾಡಿದರು. ಆಮೇಲೆ ನನ್ನನ್ನು ಕರೆದು, "ಮೈಕಿನಲ್ಲಿ ಹೇಳಿದ್ದನ್ನು ಈಗ ಕಾಗದದಲ್ಲಿ ಬರೆದುಕೊಡಿ," ಎಂದರು. ಬರೆದುಕೊಟ್ಟೆ. ಅವರು ನನಗೊಂದು ಮೆಮೊ ಕೊಟ್ಟರು, ನನ್ನ ಸರ್ವಿಸಿನ ಒಂದೇ ಒಂದು ಮೆಮೊ. ಅದರ ಕೆಳಗೆ ಪೆನ್ಸಿಲಿನಲ್ಲಿ, "ಯೋಚನೆ ಮಾಡ್ಬೇಡಿ ಅಂತ ಹೇಳಿದ್ದು ನಾನು" ಎಂದು ಬರೆದಿತ್ತು. ಪೆನ್ಸಿಲಾದ್ದರಿಂದ ಅದು ದಾಖಲೆಗೆ ಸೇರಲಿಲ್ಲ.

ಬುಧವಾರ ಇಡೀ ದಿನ ನಾನು ಫೋನಿನ ಹತ್ತಿರವೇ ಇದ್ದೆ. ಮಧ್ಯಾಹ್ನದ ಡಬ್ಬಿ ಬಿಚ್ಚಲೇ ಇಲ್ಲ. ನಾಲ್ಕು ಗಂಟೆಗೆ ರಿಂಗಾಯಿತು. ಫೋನ್ ಬಂದರೆ ನಾನು ಎದ್ದು ನಿಂತು ಮಾತಾಡುವವಳು, ಅವತ್ತೂ ಎದ್ದು ನಿಂತೆ.

"ಅಕ್ಕಾರ, ಹವಾಲ್ದಾರ್ ಸಂಗಪ್ಪ ಮಾತಾಡೋದ್ರಿ. ಕರ್ನಲ್ ಸಾಹೇಬ್ರು ಕಾಗದ ಓದಿ ನಕ್ಕರು. ಕೇಸು ಬಂದ್ ಆತು." ಸ್ವಲ್ಪ ತಡೆದು ಹೇಳಿದರು, "ಅವರ ಮನಿಯವರದೂ ಎರಡು ಹೆಸರಂತ್ರಿ."

ಮುಂದಿನ ತಿಂಗಳು ತಡೆದದ್ದೂ ಸೇರಿ ಸಂಬಳ ಬಂತು. ರೇಣುಕಾ ಆ ಚೀಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು, ಜೊತೆಗೆ ಹತ್ತು ರೊಟ್ಟಿ, ಶೇಂಗಾ ಚಟ್ನಿ. "ಚಲೋತ್ನಂಗ ನೋಡ್ರಿ ಅಕ್ಕಾರ, ಮೂರನೇದಾಕಿ ಯಾರರ ಬಂದಾಳೇನು," ಎಂದಳು. ನನ್ನ ಕಂಪ್ಯೂಟರಿನ ಮೇಲೆ ಆಮೇಲೆ ಒಂದು ಚೀಟಿ ಅಂಟಿಸಿದ್ದೆ: "ಹೆಸರು ಎರಡಿದ್ದರೆ ಮೊದಲು ವಿಳಾಸ ನೋಡು." ನಿವೃತ್ತಿಯಾಗುವ ತನಕ ಅದು ಅಲ್ಲೇ ಇತ್ತು. ನಿನ್ನ ಆಫೀಸಿನಲ್ಲಿ ನಿನಗೂ ಒಂದು ಚೀಟಿ ಬೇಕಾಗುತ್ತದೆ. ಅದರಲ್ಲಿ ಏನು ಬರೆಯಬೇಕೆಂಬುದು ನಿನ್ನ ಮೊದಲ ದೊಡ್ಡ ತಪ್ಪಿನ ಮೇಲೆ ಗೊತ್ತಾಗುತ್ತದೆ.

ಆಮದಾರರು ಸದನದಲ್ಲಿ ಸೈನಿಕರ ಸಂಬಳದ ಪ್ರಶ್ನೆ ಎತ್ತಿದರು. ಅದು ದಿಲ್ಲಿಯ ವಿಷಯವೆಂದು ಉತ್ತರ ಬಂತು. ಆದರೆ ಆಮೇಲೆ ಅವರ ಕಚೇರಿಯಿಂದ ನಮಗೆ ಬಂದ ಕಾಗದಗಳಲ್ಲಿ ಜವಾನರ ಹೆಂಡಿರ ಎರಡೂ ಹೆಸರು, ತವರಿನ ಊರು, ಎಲ್ಲ ಕೇಳಿ ಬರೆದಿರುತ್ತಿತ್ತು. ಕೂದಲಿನ ಭತ್ಯೆಯ ಮಾತನ್ನು ಮಾತ್ರ ಅವರು ಮತ್ತೆ ಎತ್ತಲಿಲ್ಲ.

ನಿಮ್ಮ ಅಮ್ಮನ ಲಗ್ನದಲ್ಲೂ ಅಕ್ಕಿಯ ತಟ್ಟೆ ಬಂತು. ಬೀಗರು ಹೆಸರು ಆರಿಸಿಕೊಂಡೇ ಬಂದಿದ್ದರು. ನಾನು ಬಾಯಿ ತೆರೆಯಲಿಲ್ಲ, ತಟ್ಟೆಯನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಮರುದಿನ ಆ ಅಕ್ಕಿಯ ಚಿತ್ರಾನ್ನವಾಯಿತು, ಬೀಗರೇ ಎರಡು ಸಲ ಹಾಕಿಸಿಕೊಂಡರು.

ನನ್ನ ನಿವೃತ್ತಿಯ ದಿನ ಆಮದಾರರ ಕಚೇರಿಯಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಎರಡು ಶಾಲು. ಒಂದರ ಮೇಲೆ "ಶ್ರೀಮತಿ ಸುಮಿತ್ರಾ" ಎಂಬ ಚೀಟಿ, ಇನ್ನೊಂದರ ಮೇಲೆ "ಶ್ರೀಮತಿ ಬಸಲಿಂಗವ್ವ". ಕೆಳಗೆ ಅವರದೇ ಅಕ್ಷರ: "ಇಬ್ಬರಿಗೂ ನಮಸ್ಕಾರ." ಸುಮಿತ್ರಾಳ ಶಾಲು ನಾನು ಹೊದ್ದು ಹೊದ್ದು ತೆಳ್ಳಗಾಗಿದೆ. ಬಸಲಿಂಗವ್ವನದರ ಮಡಿಕೆ ಇನ್ನೂ ಬಿಚ್ಚಿಲ್ಲ, ಕಪಾಟಿನ ಮೇಲಿನ ಖಾನೆಯಲ್ಲಿದೆ. ಈಗಿನ ಆಫೀಸುಗಳಲ್ಲಿ ಎಸಿ ಜೋರು ಇರುತ್ತದಂತೆ. ಮೊದಲ ದಿನ ಹೋಗುವಾಗ ಅದನ್ನು ತೆಗೆದುಕೊಂಡು ಹೋಗು. ಯಾರದೆಂದು ಯಾರಾದರೂ ಕೇಳಿದರೆ ಹೆಸರು ಹೇಳು. ಬಹಳ ವರ್ಷವಾಯಿತು, ಯಾರೂ ಆ ಹೆಸರು ಕರೆದಿಲ್ಲ.